ಜಾರಿದವನನ್ನು ಹೇಡಿ ಎಂದ ಸೋಮವಾರ

ನಮಗೆ ಪರಿಚಯವಿರುವ ಕನ್ನಡ ಕುಟುಂಬವೊಂದರ ಮಗಳು ಈಚೆಗೆ ಒಂದು ಕ್ರೀಡಾ ರೇಡಿಯೋದಲ್ಲಿ ಕೆಲಸಕ್ಕೆ ಸೇರಿದಳು. ಸೇರುವ ಮುಂಚೆ ನಮ್ಮ ಮನೆಗೆ ಬಂದು, “ಆಂಟಿ, ವಾಟ್ ವಾಸ್ ಇಟ್ ರಿಯಲಿ ಲೈಕ್?” ಎಂದು ಕೇಳಿದಳು. “ಬಹಳ ಖುಷಿಯ ಕೆಲಸ ಮಗಾ, ದಿನಾ ಹೊಸ ಹೊಸ ಜನ” ಎಂದೆ. ಅವಳು ನಗುತ್ತಾ ಹೋದಳು. ಬಾಗಿಲು ಹಾಕಿ ಒಳಗೆ ಬಂದ ಮೇಲೆ ನನ್ನ ಮೇಲೆ ನನಗೇ ರೇಗಿತು. ನಾನು ಹೇಳಿದ್ದು ಹಸಿ ಸುಳ್ಳು. ಇಪ್ಪತ್ತಕ್ಕೂ ಹೆಚ್ಚು ವರ್ಷ ಆ ಕುರ್ಚಿಯಲ್ಲಿ ಕೂತು ನಾನು ಕೇಳಿದ್ದೇನು, ಮಾಡಿದ್ದೇನು ಎಂಬುದನ್ನು ಅವಳಿಗಾದರೂ ಹೇಳಬೇಕಿತ್ತು. ಅವಳಿಗೆ ಕನ್ನಡ ಓದಲು ಬರುವುದಿಲ್ಲ. ಅವಳ ಅಮ್ಮ ಓದಿ ಹೇಳಲಿ.

ನನ್ನ ಕೆಲಸಕ್ಕೆ ಕಾಲ್ ಸ್ಕ್ರೀನರ್ ಎಂದು ಹೆಸರು. ಸ್ಯಾನ್ ಫ್ರಾನ್ಸಿಸ್ಕೋದ ಒಂದು ಹಳೆಯ ಕಟ್ಟಡದಲ್ಲಿ ನಮ್ಮ ಸ್ಟೇಷನ್ನು. ಮಧ್ಯಾಹ್ನ ಮೂರರಿಂದ ಏಳರವರೆಗೆ, ಜನ ಫ್ರೀವೇಯಲ್ಲಿ ಕಾರು ನಿಲ್ಲಿಸಿಕೊಂಡು ಒದ್ದಾಡುವ ಹೊತ್ತಿನಲ್ಲಿ, ರಿಕ್ ಎಂಬ ನಿರೂಪಕ ಆಟಗಳ ಬಗ್ಗೆ ಮಾತಾಡುತ್ತಿದ್ದ. ಅಭಿಮಾನಿಗಳು ಫೋನು ಮಾಡುತ್ತಿದ್ದರು. ಎಂಟು ಲೈನುಗಳು. ಒಂದೊಂದನ್ನೂ ಮೊದಲು ಎತ್ತುವವಳು ನಾನು. ಹೆಸರೇನು, ಯಾವ ಊರು, ಏನು ಹೇಳಬೇಕು ಎಂದು ಕೇಳಿ, ಒಂದು ಸಾಲಿನಲ್ಲಿ ಟೈಪು ಮಾಡಿದರೆ ಗಾಜಿನಾಚೆ ಕೂತ ರಿಕ್‌ನ ಪರದೆಯಲ್ಲಿ ಅದು ಕಾಣುತ್ತಿತ್ತು. ಯಾರು ಮೊದಲು, ಯಾರು ಆಮೇಲೆ, ಯಾರು ಬೇಡವೇ ಬೇಡ ಎನ್ನುವುದು ನನ್ನ ಬೆರಳಿನಲ್ಲಿತ್ತು.

ಮಂಗಳೂರಿನಿಂದ ಬಂದವಳಿಗೆ ಅಮೆರಿಕದ ಫುಟ್‌ಬಾಲು ಏನು ಗೊತ್ತು? ಮೊದಲ ವಾರ ಒಬ್ಬ ಫೋನು ಮಾಡಿ ‘ಪಿಕ್ ಸಿಕ್ಸ್’ ಬಗ್ಗೆ ಮಾತಾಡಬೇಕು ಎಂದ. ನಾನು ‘ಆರು ಜನರನ್ನು ಆರಿಸಬೇಕಂತೆ’ ಎಂದು ಬರೆದುಬಿಟ್ಟೆ. ಎದುರಾಳಿ ಚೆಂಡನ್ನು ನಡುವೆ ಹಿಡಿದು, ಓಡಿ, ಆರು ಅಂಕ ಗಳಿಸುವುದಕ್ಕೆ ಆ ಹೆಸರು. ರಿಕ್ ಪ್ರಸಾರದ ನಡುವೆಯೇ ಹೊಟ್ಟೆ ಹಿಡಿದು ನಕ್ಕ. ಮನೆಗೆ ಹೋಗಿ ಗಂಡನ ಹತ್ತಿರ ಹೇಳಿ ಅತ್ತುಬಿಟ್ಟೆ. ಪ್ರಭಾಕರ ಪುಸ್ತಕ ತಂದು ಕೊಟ್ಟು, “ಕೂಗುವುದು ಎಂತಕ್ಕೆ ಮಾರಾಯ್ತಿ, ಕಲಿತರೆ ಆಯ್ತಲ್ಲ” ಎಂದರು. ಕಲಿತೆ. ನೆವಾರ್ಕಿನ ಮನೆಯಿಂದ ಫ್ರೀಮಾಂಟಿಗೆ ಕಾರು, ಅಲ್ಲಿಂದ ರೈಲು, ದಾರಿಯುದ್ದಕ್ಕೂ ಓದಿದೆ.

ನನ್ನ ಮೊದಲ ಮೇಲಧಿಕಾರಿ ಮಾರ್ಥಾ. ಬಿಳಿ ಕೂದಲಿನ ಗಟ್ಟಿ ಹೆಂಗಸು. ಅವಳು ಕಲಿಸಿದ್ದು ಇಷ್ಟು: “ಕಿರುಚುವವನನ್ನು ಕಾಯಿಸು. ಹತ್ತು ನಿಮಿಷ ಕಾದರೆ ಅರ್ಧ ಸಿಟ್ಟು ಇಳಿಯುತ್ತದೆ. ಉಳಿದ ಅರ್ಧದಲ್ಲಿ ಏನಾದರೂ ವಿಷಯ ಇರುತ್ತದೆ.” ಹಾಗೇ ಮಾಡುತ್ತಿದ್ದೆ. ಅವಳು ನಿವೃತ್ತಳಾದ ಮೇಲೆ ಗ್ಯಾರಿ ಬಂದ. ಮೊದಲ ದಿನವೇ ನನ್ನ ಪರದೆಗೆ ಮೂರು ಬಣ್ಣ ಹಾಕಿಸಿದ. ತಣ್ಣಗೆ ಮಾತಾಡುವವನಿಗೆ ಹಸಿರು, ಸ್ವಲ್ಪ ಬಿಸಿಯಾದವನಿಗೆ ಹಳದಿ, ಕುದಿಯುವವನಿಗೆ ಕೆಂಪು. “ಕೆಂಪು ಮೊದಲು, ಸುಮತಿ. ಹಸಿರನ್ನು ಯಾರೂ ಕೇಳುವುದಿಲ್ಲ” ಎಂದ. ಮಾರ್ಥಾ ಹೇಳಿದ್ದಕ್ಕೆ ತದ್ವಿರುದ್ಧ. ನಾನು ಒಂದು ಮಾತೂ ಎದುರಾಡಲಿಲ್ಲ. ಬಣ್ಣ ಹಾಕುವುದನ್ನು ಒಂದೇ ವಾರದಲ್ಲಿ ಚೆನ್ನಾಗಿ ಕಲಿತುಬಿಟ್ಟೆ.

ಈಗ ಒಬ್ಬ ಹುಡುಗನ ವಿಷಯಕ್ಕೆ ಬರುತ್ತೇನೆ. ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಸುತ್ತಮುತ್ತಲಿನ ಒಂದು ವಿಶ್ವವಿದ್ಯಾಲಯದ ಫುಟ್‌ಬಾಲು ತಂಡ. ಯಾವುದು ಎಂದು ಹೇಳುವುದಿಲ್ಲ. ಹುಡುಗನಿಗೂ ಇಲ್ಲಿ ಜೋನಾ ಎಂದು ಬೇರೆ ಹೆಸರು ಕೊಟ್ಟಿದ್ದೇನೆ. ವಯಸ್ಸು ಹತ್ತೊಂಬತ್ತು. ಅವನು ಕ್ವಾರ್ಟರ್‌ಬ್ಯಾಕ್. ಈ ಆಟ ಗೊತ್ತಿಲ್ಲದವರಿಗೆ ಹೇಳುವುದಾದರೆ, ಪ್ರತಿ ಸಲವೂ ಚೆಂಡು ಮೊದಲು ಬರುವುದು ಅವನ ಕೈಗೆ. ಯಾರಿಗೆ ಎಸೆಯಬೇಕು, ತಾನೇ ಓಡಬೇಕೇ ಎಂದು ಎರಡು ಮೂರು ಸೆಕೆಂಡಿನಲ್ಲಿ ಅವನು ತೀರ್ಮಾನಿಸಬೇಕು. ಅಷ್ಟರಲ್ಲಿ ನೂರಿಪ್ಪತ್ತು, ನೂರಮೂವತ್ತು ಕಿಲೋ ತೂಗುವ ಆಳುಗಳು ಅವನ ಮೇಲೆ ನುಗ್ಗಿ ಬರುತ್ತಿರುತ್ತಾರೆ. ಈ ವಿದ್ಯೆ ಮೈಗೂಡುವುದಕ್ಕೆ ವರ್ಷಗಳು ಬೇಕು ಎಂದು ಎಲ್ಲರೂ ಹೇಳುತ್ತಾರೆ. ಬಾಯಲ್ಲಿ ಮಾತ್ರ.

ಆಗಸ್ಟಿನಲ್ಲಿ ಅವನನ್ನು ಆರಿಸಿದಾಗ ಎಂಟೂ ಲೈನು ಹಬ್ಬದ ಹಾಗಿದ್ದವು. ಸರಟೋಗಾದ ಡೆನಿಸ್ ಎಂಬ ಮನುಷ್ಯ ಸುಮಾರು ಹತ್ತು ವರ್ಷದಿಂದ ನಮಗೆ ಪ್ರತಿ ವಾರ ಫೋನು ಮಾಡುತ್ತಿದ್ದವನು. ಗುಡ್ಡದ ಮೇಲೆ ಮನೆ, ನಿವೃತ್ತ, ಕೈತುಂಬ ಪುರುಸೊತ್ತು. “ಹುಡುಗನಿಗೆ ಮೂರು ವರ್ಷ ಕೊಡೋಣ. ಒಳ್ಳೆಯದಕ್ಕೆ ಸಮಯ ಹಿಡಿಯುತ್ತೆ” ಎಂದ. ಸೆಪ್ಟೆಂಬರಿನಲ್ಲಿ ಎರಡು ಆಟ ಸೋತರು. ಅದೇ ಡೆನಿಸ್, “ಈ ಸೀಸನ್ ಮುಗಿಯೋವರೆಗೆ ನೋಡೋಣ” ಎಂದ. ಅಕ್ಟೋಬರಿಗೆ ಬಂದಾಗ, “ಶನಿವಾರ ಮೊದಲರ್ಧದವರೆಗೆ ನೋಡ್ತೀನಿ, ಅಷ್ಟೇ” ಎಂದ. ಮೂರು ವರ್ಷದ ತಾಳ್ಮೆ ಎರಡು ತಿಂಗಳಿಗೆ ಸವೆದು ಅರ್ಧ ಆಟಕ್ಕೆ ಬಂದು ನಿಂತಿತ್ತು. ಒಬ್ಬ ಡೆನಿಸ್ ಅಲ್ಲ, ಎಲ್ಲರೂ ಹಾಗೇ.

ನಮ್ಮವರೇನು ಕಡಿಮೆಯೇ? ಆ ದಿನಗಳಲ್ಲೇ ಒಂದು ಭಾನುವಾರ ಫ್ರೀಮಾಂಟಿನಲ್ಲಿ ಕನ್ನಡದವರ ಪಾಟ್‌ಲಕ್ಕು, ಒಬ್ಬೊಬ್ಬರು ಒಂದೊಂದು ಅಡುಗೆ ತರುವ ಊಟ. ನಾನು ಪತ್ರೊಡೆ ಒಯ್ದಿದ್ದೆ. ಬೆಂಗಳೂರಿನ ಶ್ರೀಧರ್ ಎಂಬ ಎಂಜಿನಿಯರು ತಟ್ಟೆ ಹಿಡಿದು ನನ್ನ ಹತ್ತಿರ ಬಂದರು.

“ಮೇಡಂ, ನಿಮ್ಮ ಸ್ಟೇಷನ್ನಲ್ಲಿ ಹೇಳ್ರಿ, ಆ ಹುಡುಗ ವೇಸ್ಟು. ಡೆವಲಪ್‌ಮೆಂಟು, ಡೆವಲಪ್‌ಮೆಂಟು ಅಂತ ಎಷ್ಟು ದಿನ ಅಂತ ವೇಟ್ ಮಾಡೋದು? ಬೆಂಚಲ್ಲಿ ಕೂರ್ಸಿ ಅತ್ಲಾಗೆ.”

“ನಿಮ್ಮ ಮಗ ಹೇಗಿದ್ದಾನೆ?” ಎಂದು ಕೇಳಿದೆ. ಅವರ ಮಗನೂ ಹತ್ತೊಂಬತ್ತರವನು. ಕಾಲೇಜಿನ ಮೊದಲ ವರ್ಷ ಪಾಸಾಗದೆ ಮನೆಗೆ ಬಂದಿದ್ದ.

ಅವರ ದನಿ ಮೆತ್ತಗಾಯಿತು. “ಅವ್ನಿಗೆ ಸ್ವಲ್ಪ ಟೈಮ್ ಬೇಕು ಮೇಡಂ. ಪ್ರೆಷರ್ ಹಾಕ್ಬಾರ್ದು ಅಂತ ಕೌನ್ಸೆಲರ್ ಹೇಳಿದಾರೆ. ಚಿಕ್ಕೋನು, ಪಾಪ.”

“ಅವನು ಪಾಪ. ಈ ಹುಡುಗ ಮಾತ್ರ ವೇಸ್ಟು ಅಲ್ವಾ?” ಎಂದೆ, ಪಕ್ಕದ ಮೇಜಿಗೂ ಕೇಳುವ ಹಾಗೆ. ಶ್ರೀಧರ್ ಮುಖ ಕೆಂಪಗೆ ಮಾಡಿಕೊಂಡು, “ಇದು ಗೇಮು ಮೇಡಂ, ಅದು ಲೈಫು” ಎಂದು ಎದ್ದು ಹೋದರು. ಕಾರಿನಲ್ಲಿ ಪ್ರಭಾಕರ, “ಅಷ್ಟು ಜೋರು ಬೇಡಿತ್ತು” ಎಂದರು. ಆಗ ನನ್ನ ಬಗ್ಗೆ ನನಗೆ ಬಹಳ ಹೆಮ್ಮೆ ಇತ್ತು.

ಆ ಹೆಮ್ಮೆ ಎಂಟು ದಿನ ಬಾಳಿತು. ಮುಂದಿನ ಶನಿವಾರ ಮತ್ತೆ ಸೋಲು. ಸೋಮವಾರ ಲೈನುಗಳು ಕುದಿಯುತ್ತಿದ್ದವು. ಮೂರೂಕಾಲಿಗೆ ಡೆನಿಸ್. ಏನು ಹೇಳುತ್ತೀರಿ ಎಂದು ಕೇಳಿದೆ.

“ಆ ಹುಡುಗನಿಗೆ ಎದೆ ಇಲ್ಲ. ಯಾರಾದರೂ ಹತ್ತಿರ ಬಂದರೆ ಸಾಕು, ಜಾರಿ ಕೂತುಬಿಡ್ತಾನೆ. ಪಾರ್ಕಿನಲ್ಲಿ ಮಕ್ಕಳು ಜಾರುಬಂಡೆ ಆಡ್ತಾರಲ್ಲ, ಹಾಗೆ. ಹೇಡಿ.”

ಇದನ್ನು ಬಿಡಿಸಿ ಹೇಳಬೇಕು. ಕ್ವಾರ್ಟರ್‌ಬ್ಯಾಕ್ ಚೆಂಡು ಹಿಡಿದು ಓಡುವಾಗ, ಕಾಲು ಮುಂದೆ ಚಾಚಿ ನೆಲಕ್ಕೆ ಜಾರಿದರೆ ಆಟ ಅಲ್ಲಿಗೇ ನಿಲ್ಲುತ್ತದೆ. ಆಮೇಲೆ ಅವನನ್ನು ಯಾರೂ ಗುದ್ದುವ ಹಾಗಿಲ್ಲ. ಅದು ಹೇಡಿತನವಲ್ಲ, ಕಲಿಸಿಕೊಟ್ಟ ಪಾಠ. ಮೈ ಉಳಿಸಿಕೋ, ನಾಳೆಯೂ ಆಡಬೇಕು ಎಂಬ ಪಾಠ. ಇಷ್ಟು ವರ್ಷ ಆಟ ನೋಡಿದ ಡೆನಿಸ್‌ಗೆ ಅದು ಗೊತ್ತಿತ್ತು. ನನಗೂ ಗೊತ್ತಿತ್ತು. ಅದೇ ಹೊತ್ತಿಗೆ ಇನ್ನೊಂದು ಲೈನಿನಲ್ಲಿ ಶಾಲೆಯೊಂದರ ನಿವೃತ್ತ ವ್ಯಾಯಾಮ ಶಿಕ್ಷಕರೊಬ್ಬರು ಇದನ್ನೇ ಹೇಳಲು ಕಾಯುತ್ತಿದ್ದರು. ‘ಜಾರುವುದು ಸರಿ, ಹುಡುಗನಿಗೆ ತಿಳಿವಳಿಕೆ ಇದೆ’ ಎಂದು ನಾನೇ ಟೈಪು ಮಾಡಿದ್ದೆ. ಅವರಿಗೆ ಹಸಿರು ಹಾಕಿದೆ. ಡೆನಿಸ್‌ಗೆ ಕೆಂಪು ಹಾಕಿ, ಎಲ್ಲರಿಗಿಂತ ಮೇಲಕ್ಕೆ ತಂದೆ.

ಡೆನಿಸ್ ಪ್ರಸಾರದಲ್ಲಿ ಅದನ್ನೇ ಹೇಳಿದ. ರಿಕ್ ‘ಜಾರುಬಂಡೆ ಜೋನಾ’ ಎಂದ. ಗ್ಯಾರಿ ಎರಡೇ ನಿಮಿಷದಲ್ಲಿ ಮಕ್ಕಳು ಜಾರುವಾಗ ಕೇಕೆ ಹಾಕುವ ಸದ್ದೊಂದನ್ನು ಹುಡುಕಿ ತಂದ. ಹುಡುಗನ ಹೆಸರು ಬಂದಾಗಲೆಲ್ಲ ಆ ಸದ್ದು. ಸ್ಟುಡಿಯೋ ಇಡೀ ನಕ್ಕಿತು. ನಾನೂ ನಕ್ಕೆ. ಇದನ್ನು ಬರೆಯದಿದ್ದರೆ ಬೇರೆಯವರ ಮೇಲೆ ಸಿಟ್ಟು ಮಾಡುವ ಹಕ್ಕು ನನಗಿಲ್ಲ. ಆ ಶಿಕ್ಷಕರು ಐವತ್ತು ನಿಮಿಷ ಕಾದು, ತಾವೇ ಫೋನಿಟ್ಟರು.

ವಾರವೆಲ್ಲ ಅದೇ ಆಯಿತು. ಆ ತುಣುಕನ್ನು ಜನ ಫೋನಿನಿಂದ ಫೋನಿಗೆ ಹಂಚಿದರು. ಶನಿವಾರ ಕ್ರೀಡಾಂಗಣದಲ್ಲಿ ಯಾರೋ ಆಟದ ಬಯಲಿನ ಪ್ಲಾಸ್ಟಿಕ್ ಜಾರುಬಂಡೆಯನ್ನೇ ತಲೆಯ ಮೇಲೆ ಹೊತ್ತುಕೊಂಡು ಬಂದಿದ್ದರು. ಟಿವಿಯವರು ಅದನ್ನು ಮತ್ತೆ ಮತ್ತೆ ತೋರಿಸಿದರು. ನಾನು ಮನೆಯಲ್ಲಿ ಬಟ್ಟೆ ಮಡಚುತ್ತಾ ನೋಡುತ್ತಿದ್ದೆ. ಆಟದ ಮೂರನೆಯ ಕಾಲುಭಾಗದಲ್ಲಿ ಜೋನಾ ಚೆಂಡು ಹಿಡಿದು ಓಡಿದ. ಎದುರಿಗೆ ಇಬ್ಬರು ಬಂದರು. ಜಾರಲು ಬೇಕಾದಷ್ಟು ಜಾಗವಿತ್ತು, ಬೇಕಾದಷ್ಟು ಹೊತ್ತಿತ್ತು. ಅವನು ಜಾರಲಿಲ್ಲ. ತಲೆ ತಗ್ಗಿಸಿ, ಬಲಗಡೆಯ ಭುಜ ಮುಂದೆ ಮಾಡಿ, ನೇರ ಅವರೊಳಗೆ ನುಗ್ಗಿದ. ಕ್ರೀಡಾಂಗಣ ಎದ್ದು ನಿಂತು ಚಪ್ಪಾಳೆ ಹೊಡೆಯಿತು. ಅವನು ಏಳುವುದಿಲ್ಲ ಎಂದು ತಿಳಿಯುವವರೆಗೂ ಹೊಡೆಯಿತು. ಎಸೆಯುವ ಕೈಯ ಭುಜ ಅದು. ತೋಳು ಜೋತುಬಿದ್ದ ಹುಡುಗನನ್ನು ಗಾಡಿಯ ಮೇಲೆ ಕೂರಿಸಿಕೊಂಡು ಹೋದರು.

“ಅವ ಜಾರಲಿಲ್ಲ ಎಂತಕ್ಕೆ?” ಎಂದು ಪ್ರಭಾಕರ ಕೇಳಿದರು. ಉತ್ತರ ನನಗೆ ಗೊತ್ತಿತ್ತು.

ಸೋಮವಾರ ಎಂಟೂ ಲೈನಿನಲ್ಲಿ ಕಣ್ಣೀರು. ಎಂಥ ಧೈರ್ಯ, ಎಂಥ ಎದೆ, ನಮ್ಮ ಹುಡುಗ! ಹಿಂದಿನ ವಾರ ಉಗಿದ ಬಾಯಿಗಳೇ. ಒಬ್ಬೊಬ್ಬನ ದನಿ ಕೇಳುವಾಗಲೂ ನನಗೆ ಮೈ ಉರಿಯುತ್ತಿತ್ತು. ನಾಲ್ಕೂವರೆಯ ಹೊತ್ತಿಗೆ ಆರನೆಯ ಲೈನು ಎತ್ತಿದೆ.

“ನಿಮ್ಮ ಹೆಸರು?”

“ಡೀನಾ.”

“ಯಾವ ಊರಿಂದ?”

“ಸ್ಯಾನ್ ಫ್ರಾನ್ಸಿಸ್ಕೋ. ನಾನು ಇಲ್ಲಿ ಸಿಟಿ ಬಸ್ಸು ಓಡಿಸ್ತೀನಿ. ಈಗ ಸಮುದ್ರದ ಹತ್ತಿರ ಕೊನೆಯ ಸ್ಟಾಪಿನಲ್ಲಿದ್ದೀನಿ. ಇಪ್ಪತ್ತು ನಿಮಿಷ ಬ್ರೇಕು.”

“ಏನು ಹೇಳಬೇಕಿತ್ತು?”

“ಆ ಹುಡುಗ ನನ್ನ ಮಗ.”

“ಅಮ್ಮಾ, ಇಲ್ಲಿ ಮಾತಾಡಬೇಡಿ. ಇವರು ನಿಮ್ಮನ್ನೂ ತಮಾಷೆ ಮಾಡ್ತಾರೆ. ದಯವಿಟ್ಟು ಫೋನಿಡಿ” ಎಂದೆ. ಅವಳ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ ಅಂದುಕೊಂಡಿದ್ದೆ.

“ಒಂದು ವಾರ ಊರಿನವರಿಗೆಲ್ಲ ಮಾತಾಡೋಕೆ ಬಿಟ್ಟಿರಿ. ನನ್ನ ಬಸ್ಸಿನಲ್ಲಿ ಕೂತವರ ಫೋನಿನಿಂದ ಆ ಸದ್ದು ಕೇಳ್ತಾ ಸ್ಟೀರಿಂಗ್ ಹಿಡಿದಿದ್ದೆ. ತಿರುಗಿ ಒಂದು ಮಾತು ಆಡೋ ಹಾಗಿರಲಿಲ್ಲ. ಈಗ ನಾನು ಬಾಯಿ ತೆಗೆದರೆ ಮಾತ್ರ ಬೇಡವಾ?”

ಅವಳು ಹೇಳಿದ್ದು ಸರಿ. ನಾನು ಎದ್ದು ಗ್ಯಾರಿಯ ಹತ್ತಿರ ಹೋದೆ. “ಹುಡುಗನ ತಾಯಿ ಲೈನಿನಲ್ಲಿದ್ದಾಳೆ. ಅವಳೊಬ್ಬಳೇ ಮಾತಾಡಬೇಕು. ರಿಕ್ ನಡುವೆ ಬಾಯಿ ಹಾಕಬಾರದು. ಆಮೇಲೆ ಯಾರ ಫೋನೂ ತೆಗೆದುಕೊಳ್ಳಬಾರದು. ಒಪ್ಪಿದರೆ ಮಾತ್ರ ಕೊಡ್ತೀನಿ.” ಗ್ಯಾರಿಯ ಕಣ್ಣುಗಳು ಹೊಳೆದವು. “ಆಯ್ತು, ಆಯ್ತು, ಮಾತು ಕೊಟ್ಟೆ, ಬೇಗ ಹಾಕು” ಎಂದ.

ಡೀನಾ ಅಳಲಿಲ್ಲ. ಬಸ್ಸಿನಲ್ಲಿ ಸ್ಟಾಪಿನ ಹೆಸರು ಕೂಗುವ ದನಿಯಲ್ಲಿ ಮಾತಾಡಿದಳು. “ನನ್ನ ಮಗನಿಗೆ ಏಳನೇ ಕ್ಲಾಸಿನಿಂದ ಜಾರೋದು ಕಲಿಸಿದ್ದಾರೆ. ಅವನು ಪ್ರತಿ ಸಲ ಜಾರಿದಾಗ ನಾನು ದೇವರಿಗೆ ಕೈ ಮುಗೀತಿದ್ದೆ. ಹೋದ ವಾರ ಪ್ರಾಕ್ಟೀಸಿಗೆ ಇಳಿಯೋ ಮುಂಚೆ ಪಾರ್ಕಿಂಗಿನಲ್ಲಿ ಕೂತು ನಿಮ್ಮ ಪ್ರೋಗ್ರಾಂ ಕೇಳ್ತಿದ್ದ, ದಿನಾ. ಶುಕ್ರವಾರ ಫೋನು ಮಾಡಿ, ಅಮ್ಮ, ನಾಳೆ ನಾನು ಜಾರಲ್ಲ ಅಂದ. ಬೇಡ ಅಂದೆ. ಕೇಳಲಿಲ್ಲ. ನನಗಿಂತ ನಿಮ್ಮ ದನಿ ಜೋರಾಗಿತ್ತು. ಮೂರು ವರ್ಷ ಕೊಡ್ತೀವಿ ಅಂದಿದ್ದಿರಿ. ಎಂಟು ಆಟ ಕೊಟ್ಟಿರಿ.”

ಗಾಜಿನಾಚೆ ರಿಕ್ ಕೂಡ ತಲೆ ತಗ್ಗಿಸಿದ್ದ. ಅಷ್ಟಕ್ಕೇ ನಿಲ್ಲಿಸಿದ್ದರೆ ಸಾಕಿತ್ತು. ಅಷ್ಟರಲ್ಲಿ ಎರಡನೆಯ ಲೈನು ಬೆಳಗಿತು. ನಾನು ಕೊಟ್ಟದ್ದಲ್ಲ. ಗ್ಯಾರಿ ತನ್ನ ಮೇಜಿನಿಂದಲೇ ಒತ್ತಿದ್ದ. “ಮೇಡಂ, ಸರಟೋಗಾದಿಂದ ಡೆನಿಸ್ ಲೈನಿನಲ್ಲಿದ್ದಾರೆ, ನಿಮಗೇನೋ ಹೇಳಬೇಕಂತೆ” ಎಂದ ರಿಕ್.

“ನಿಮ್ಮ ನೋವು ನನಗೆ ಅರ್ಥವಾಗುತ್ತೆ ಮೇಡಂ,” ಡೆನಿಸ್ ಶುರುಮಾಡಿದ, “ಆದರೆ ಇದು ಗಂಡಸರ ಆಟ. ಒಂದು ಮಾತು ಕೇಳಿ ತಡೆಯೋಕಾಗಲ್ಲ ಅಂದರೆ...”

ಡೆನಿಸ್‌ನ ಲೈನು ಕತ್ತರಿಸಿದೆ. ಗ್ಯಾರಿ ಇನ್ನೊಂದನ್ನು ಒತ್ತಿದ. ಅದನ್ನೂ ಕತ್ತರಿಸಿದೆ. ಅವನು “ಸುಮತಿ!” ಎಂದು ಅರಚುತ್ತಾ ಬರುವಷ್ಟರಲ್ಲಿ ಎಂಟೂ ಲೈನು ಕತ್ತಲಾಗಿದ್ದವು. ರಿಕ್ ಬಾಯಿ ತೆರೆದುಕೊಂಡು ಖಾಲಿ ಪರದೆ ನೋಡುತ್ತಿದ್ದ. ರೇಡಿಯೋದಲ್ಲಿ ಮೌನ. ಕೊನೆಗೆ ಒಂದು ಟೈರಿನ ಜಾಹೀರಾತು ಹಾಕಿದರು.

“ಇಂಥ ರೇಡಿಯೋ ವರ್ಷಕ್ಕೊಂದು ಸಲ ಸಿಗಲ್ಲ! ನೀನು ಅದನ್ನ ಕೊಂದುಬಿಟ್ಟೆ!” ಗ್ಯಾರಿ ನನ್ನ ಮುಖದ ಹತ್ತಿರ ಬಂದು ಕೂಗಿದ.

“ನೀನು ಮಾತು ಕೊಟ್ಟಿದ್ದೆ” ಎಂದೆ. ನನ್ನ ದನಿಯೂ ಸಣ್ಣದಿರಲಿಲ್ಲ. ಇಂಗ್ಲಿಷಿನಲ್ಲಿ ಶುರುವಾಗಿದ್ದು ನನ್ನ ಮನೆಮಾತು ಕೊಂಕಣಿಯಲ್ಲಿ ಮುಗಿಯಿತು. ಅವನಿಗೆ ಪದ ತಿಳಿಯದಿದ್ದರೂ ಅರ್ಥವಾಗಿರಬೇಕು.

ಆಮೇಲೆ ಹೊಳೆಯಿತು, ಎಂಟೂ ಲೈನು ಕತ್ತರಿಸುವಾಗ ಡೀನಾಳ ಲೈನೂ ಹೋಗಿತ್ತು. ಕಾರಿಡಾರಿಗೆ ಹೋಗಿ ನನ್ನ ಸ್ವಂತ ಫೋನಿನಿಂದ ಅವಳಿಗೆ ಮಾಡಿದೆ.

“ನನ್ನನ್ನೂ ಕತ್ತರಿಸಿದಿರಿ” ಎಂದಳು.

“ಹೌದು. ಅವರು ನಿಮ್ಮನ್ನು...”

“ಆ ಡೆನಿಸ್‌ಗೆ ಹೇಳೋ ಉತ್ತರ ನನ್ನ ನಾಲಿಗೆ ಮೇಲಿತ್ತು. ಅದನ್ನ ಹೇಳೋಕೂ ನೀವು ಬಿಡಲಿಲ್ಲ. ನನ್ನ ಬ್ರೇಕು ಮುಗೀತು.” ಬಸ್ಸಿನ ಬಾಗಿಲು ಮುಚ್ಚುವ ಸದ್ದು ಕೇಳಿಸಿತು. ಫೋನಿಟ್ಟಳು.

ನನಗೆ ಎಚ್ಚರಿಕೆಯ ಪತ್ರ ಬಂತು. ಫೋನಿನ ಕುರ್ಚಿಯಿಂದ ಎಬ್ಬಿಸಿ, ಆ್ಯಪಿನಲ್ಲಿ ಜನ ಕಳಿಸುವ ಧ್ವನಿ ಸಂದೇಶ ಕೇಳಲು ಹಿಂದಿನ ಕೋಣೆಗೆ ಹಾಕಿದರು. ಈಗ ಹೊಸಬರು ಮಾಡುವ ಕೆಲಸ ಅದೇ. ಫೋನಿನಲ್ಲಾದರೆ ಕಿರುಚುವವನನ್ನು ನಡುವೆ ತಡೆದು, “ಅವನಿಗೆ ಹತ್ತೊಂಬತ್ತು ವರ್ಷ, ಗೊತ್ತುಂಟಲ್ಲ?” ಎಂದು ಕೇಳಬಹುದಿತ್ತು. ಆ ಒಂದು ಪ್ರಶ್ನೆಗೆ ಎಷ್ಟೋ ಜನ ತಣ್ಣಗಾಗಿ ಫೋನಿಟ್ಟಿದ್ದೂ ಉಂಟು. ಸಂದೇಶದಲ್ಲಿ ಅವರು ಕಿರುಚುತ್ತಾರೆ, ನೀವು ಕೇಳುತ್ತೀರಿ, ಅಷ್ಟೇ. ಯಾವುದು ಹೆಚ್ಚು ಹರಿದಾಡುತ್ತದೆ ಎಂದು ಯಂತ್ರವೇ ಹೇಳುತ್ತದೆ. ಗ್ಯಾರಿಯ ಮೂರು ಬಣ್ಣ ಈಗ ಯಂತ್ರದೊಳಗೆ ಸೇರಿಕೊಂಡಿವೆ. ಐದು ತಿಂಗಳು ಅಲ್ಲಿ ಕೂತು ನಿವೃತ್ತಿ ತೆಗೆದುಕೊಂಡೆ. ಕೇಕು ಕತ್ತರಿಸಿದರು. ಗ್ಯಾರಿ ನಾನು ಸ್ಟೇಷನ್ನಿನ ತಾಯಿ ಇದ್ದ ಹಾಗೆ ಎಂದು ಭಾಷಣ ಮಾಡಿದ. ಕೇಕು ಮುಟ್ಟದೆ ಬಂದೆ.

ಜೋನಾನಿಗೆ ಭುಜದ ಆಪರೇಷನ್ ಆಯಿತು. ಒಂದು ವರ್ಷ ಚೆಂಡು ಮುಟ್ಟಲಿಲ್ಲ. ಮತ್ತೆ ಎಸೆಯತೊಡಗಿದಾಗ ಮೊದಲಿನ ದೂರ ಬರಲಿಲ್ಲ. ಬೇರೆ ರಾಜ್ಯದ ಸಣ್ಣ ಕಾಲೇಜೊಂದಕ್ಕೆ ಹೋದ, ಅಲ್ಲಿ ಆಗೊಮ್ಮೆ ಈಗೊಮ್ಮೆ ಆಡುತ್ತಾನೆ. ಈ ಸುದ್ದಿಯನ್ನು ಇಲ್ಲಿನ ರೇಡಿಯೋದಲ್ಲಿ ಒಂದೇ ಸಾಲಿನಲ್ಲಿ ಓದಿ ಮುಗಿಸಿದರು. ಅವನ ಜಾಗಕ್ಕೆ ಇನ್ನೊಬ್ಬ ಹುಡುಗ ಬಂದಿದ್ದ.

ಅದಕ್ಕೂ ಎಷ್ಟೋ ಮುಂಚೆ, ನನ್ನ ನಿವೃತ್ತಿಯ ಮರುತಿಂಗಳು, ಒಂದು ಮಧ್ಯಾಹ್ನ, ಸ್ಯಾನ್ ಫ್ರಾನ್ಸಿಸ್ಕೋಗೆ ಹೋದೆ. ಸಮುದ್ರದ ಕಡೆಗೆ ಹೋಗುವ ಬಸ್ಸುಗಳಿಗಾಗಿ ಕಾದು ನಿಂತೆ. ಡೀನಾಳ ಫೋಟೋ ಪತ್ರಿಕೆಯಲ್ಲಿ ಬಂದಿತ್ತು, ಮುಖ ಗೊತ್ತಿತ್ತು. ಎರಡು ಬಸ್ಸು ಬಿಟ್ಟು ಮೂರನೆಯದರಲ್ಲಿ ಅವಳಿದ್ದಳು. ಹತ್ತಿ, ಅವಳ ಹಿಂದಿನ ಸೀಟಿನಲ್ಲಿ ಕೂತೆ. ಬಸ್ಸು ಸಿಗ್ನಲಿನಲ್ಲಿ ನಿಂತಾಗ ಮುಂದೆ ಬಗ್ಗಿ, “ನಾನು ರೇಡಿಯೋದ ಸುಮತಿ” ಎಂದೆ.

ಅವಳು ತಿರುಗಲಿಲ್ಲ. ಕನ್ನಡಿಯಲ್ಲಿ ನನ್ನನ್ನು ನೋಡಿದಳು. “ದನಿ ಗೊತ್ತಾಯ್ತು. ಅವತ್ತು ನನ್ನ ಮಗನಿಗೋಸ್ಕರ ಕೆಲಸ ಪಣಕ್ಕಿಟ್ಟಿರಂತೆ. ಯಾರೋ ಹೇಳಿದರು.” ದನಿ ಸ್ವಲ್ಪ ಮೆತ್ತಗಿತ್ತು. ಅಷ್ಟಕ್ಕೇ ಬಾಯಿ ಮುಚ್ಚಿಕೊಂಡು ಆ ಮೆತ್ತನೆಯ ದನಿ ಹೊತ್ತು ಮನೆಗೆ ಬರಬಹುದಿತ್ತು.

“ಒಂದು ವಿಷಯ ನಿಮಗೆ ಗೊತ್ತಿಲ್ಲ” ಎಂದೆ. “ಅವನನ್ನು ಮೊದಲು ಹೇಡಿ ಎಂದ ಆ ಫೋನು ಉಂಟಲ್ಲ, ಅದನ್ನು ಎತ್ತಿದವಳು ನಾನು. ಅವನು ಏನು ಹೇಳುತ್ತಾನೆ ಅಂತ ಕೇಳಿಯೇ ಎಲ್ಲರಿಗಿಂತ ಮೊದಲು ಹಾಕಿದೆ. ಜಾರುವುದು ಸರಿ ಅನ್ನುವವರೊಬ್ಬರು ಕಾಯುತ್ತಿದ್ದರು. ಅವರನ್ನು ಹಾಕಲಿಲ್ಲ. ಎಲ್ಲರೂ ನಕ್ಕರು. ನಾನೂ ನಕ್ಕೆ.”

ಸಿಗ್ನಲು ಹಸಿರಾಯಿತು. ಡೀನಾ ಬಸ್ಸು ಹೊರಡಿಸಿದಳು. ಎರಡು ಬೀದಿ ದಾಟಿದಳು. ಆಮೇಲೆ ಕನ್ನಡಿಯಲ್ಲಿ ನೋಡದೆ, “ಮುಂದಿನ ಸ್ಟಾಪಿನಲ್ಲಿ ಇಳೀರಿ” ಎಂದಳು.

ಬಾಗಿಲು ತೆರೆಯಿತು. ಇಳಿದೆ. ವಾಪಸು ರೈಲು ಹಿಡಿಯುವ ಜಾಗ ಬಹಳ ದೂರವಿತ್ತು, ಏರು ಬೇರೆ. ನಡೆಯತೊಡಗಿದೆ. ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ. ಆ ಇಡೀ ವರ್ಷದಲ್ಲಿ ಸಿಟ್ಟು ಸೇರಬೇಕಾದವರಿಗೇ ಸೇರಿದ್ದು ಅವತ್ತೊಂದೇ ದಿನ.